ಕರೆಂಟ್ ಹೋಗಿ ಬಂದಾಗ ಒತ್ತುವ ‘ಅಪ್ರೂವ್’: ಊರಿಂದ ಕಂಪನಿ ವಿಪಿಎನ್ ಬಳಸುವವರ ಜೊತೆ ಒಂದು ಮಾತು

ಸಿಂಧಘಟ್ಟದಿಂದ ಮಾತಾಡ್ತಿದ್ದೀನಿ. ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಊರುಗಳಲ್ಲಿ ಈಗ ಮನೆ ಜಗುಲಿ ಮೇಲೆ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡೋರು ಸಿಗ್ತಾರೆ. ಎಲ್ಲರೂ ಸಾಫ್ಟ್‌ವೇರ್ ಇಂಜಿನಿಯರ್‌ಗಳಲ್ಲ. ಪೇರೋಲ್, ಜಿಎಸ್‌ಟಿ ರಿಟರ್ನ್, ಇನ್ಶೂರೆನ್ಸ್ ಕ್ಲೇಮು, ಕಸ್ಟಮರ್ ಸಪೋರ್ಟು, ಹೀಗೆ ನನ್ನ ಥರ ಬಿ.ಕಾಂ ಮಾಡಿದವರೂ ಇದ್ದಾರೆ. ದಿನ ಶುರುವಾಗೋದು ಮಾತ್ರ ಎಲ್ಲರದ್ದೂ ಒಂದೇ ಥರ. ಲ್ಯಾಪ್‌ಟಾಪ್ ತೆಗಿ, ವಿಪಿಎನ್ ಪೋರ್ಟಲ್‌ಗೆ ಹೋಗು, ಐಡಿ ಪಾಸ್‌ವರ್ಡ್ ಹಾಕು, ಮೊಬೈಲಿಗೆ ಬಂದ ನೋಟಿಫಿಕೇಶನ್‌ನಲ್ಲಿ ಅಪ್ರೂವ್ ಒತ್ತು. ಆ ಕೊನೆಯ ಒತ್ತೋದಿದೆಯಲ್ಲ, ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಮನೆಯಿಂದ ಕೆಲಸ ಅನ್ನೋದು ಕಾಲ್ ಸೆಂಟರ್, ಬಿಪಿಒಗಳಿಗೆ 2020ರ ತನಕ ಸುಲಭ ಇರಲಿಲ್ಲ. ದೂರಸಂಪರ್ಕ ಇಲಾಖೆಯ ನಿಯಮದ ಪ್ರಕಾರ ₹1 ಕೋಟಿ ಭದ್ರತಾ ಠೇವಣಿ ಇಡಬೇಕಿತ್ತು, ಪರವಾನಗಿ ಇರುವ ಟೆಲಿಕಾಂ ಕಂಪನಿಯಿಂದಲೇ ವಿಪಿಎನ್ ತಗೋಬೇಕಿತ್ತು. 2020ರ ಮಾರ್ಚ್ 13ರಂದು, ಕೊರೊನಾ ಕಾರಣಕ್ಕೆ, ಇಲಾಖೆ ಇದನ್ನು ತಾತ್ಕಾಲಿಕವಾಗಿ ಸಡಿಲಿಸಿತು. ನವೆಂಬರ್ 5ರ ಹೊಸ ಮಾರ್ಗಸೂಚಿಯಲ್ಲಿ ಆ ಠೇವಣಿ ಪೂರ್ತಿ ಹೋಯ್ತು. ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಊರಿಗೆ ಬಂದವರು ಊರಲ್ಲೇ ಕೆಲಸ ಮುಂದುವರಿಸೋಕೆ ಆಗಿದ್ದರ ಹಿಂದೆ ಇಂಥ ಒಂದು ಸರ್ಕಾರಿ ಕಾಗದವೂ ಇದೆ. ಯಾರೂ ಇದನ್ನ ನೆನಪಿಟ್ಟುಕೊಳ್ಳಲ್ಲ, ಅದಕ್ಕೇ ಹೇಳ್ದೆ.

ಸರಿ, ವಿಪಿಎನ್ ಮಾಡೋದೇನು? ನಾನು ಇಂಜಿನಿಯರ್ ಅಲ್ಲ, ಹಾಗಾಗಿ ನಮ್ಮ ಜಿಲ್ಲೆಯ ನೀರಿನ ಲೆಕ್ಕದಲ್ಲಿ ಹೇಳ್ತೀನಿ. ಕೆ.ಆರ್.ಎಸ್.ನಿಂದ ಹೊರಟ ವಿ.ಸಿ. ನಾಲೆ ಹುಲಿಕೆರೆ ಹತ್ತಿರ ಸುರಂಗದೊಳಗೆ ಹೋಗುತ್ತೆ. ಮೇಲೆ ಜನ ಓಡಾಡ್ತಾರೆ, ದನ ಮೇಯ್ತವೆ, ಕೆಳಗೆ ಹರಿಯೋ ನೀರು ಯಾರ ಕಣ್ಣಿಗೂ ಬೀಳಲ್ಲ, ಮಧ್ಯದಲ್ಲಿ ಯಾರೂ ಕೈ ಹಾಕೋಕೂ ಆಗಲ್ಲ. ವಿಪಿಎನ್ ಅಂಥದ್ದೇ ಸುರಂಗ. ನಿಮ್ಮ ಲ್ಯಾಪ್‌ಟಾಪ್‌ನಿಂದ ಕಂಪನಿಯ ಗೇಟ್‌ವೇ ತನಕ ಹೋಗೋ ಪ್ರತಿಯೊಂದೂ ಗೂಢಲಿಪಿಯಲ್ಲಿ ಸುತ್ತಿಕೊಂಡು ಹೋಗುತ್ತೆ. ಮೊಬೈಲ್ ಕಂಪನಿಯವರಿಗಾಗಲಿ, ಬಸ್ ಸ್ಟ್ಯಾಂಡ್ ವೈಫೈ ಇಟ್ಟವರಿಗಾಗಲಿ ನೀವು ಎಲ್ಲಿಗೆ ಕನೆಕ್ಟ್ ಆಗಿದ್ದೀರಿ ಅನ್ನೋದು ಕಾಣಬಹುದು, ಒಳಗೆ ಏನು ಹೋಗ್ತಿದೆ ಅನ್ನೋದು ಕಾಣಲ್ಲ.

ಆದರೆ ಸುರಂಗದ ಬಾಯಲ್ಲಿ ಯಾರಾದ್ರೂ ವಿಷ ಸುರಿದರೆ? ಸುರಂಗ ಅದನ್ನ ತಡೆಯಲ್ಲ. ಭದ್ರವಾಗಿ ಆ ಕಡೆ ಗದ್ದೆಗೆ ತಲುಪಿಸುತ್ತೆ. ವಿಪಿಎನ್ ಕನೆಕ್ಟ್ ಆಗಿದೆ, ಇನ್ನೇನು ಭಯ ಇಲ್ಲ ಅನ್ನೋರಿಗೆ ನಾನು ಹೇಳೋದು ಇದೊಂದೇ. ಅದು ಕಾಯೋದು ದಾರಿಯನ್ನ. ಬಾಗಿಲಲ್ಲಿ ನಿಂತಿರೋದು ನೀವು.

ಈಗ ನಮ್ಮ ಊರಿನ ಸಮಸ್ಯೆಗೆ ಬರ್ತೀನಿ. ಬೆಂಗಳೂರಿನ ಆಫೀಸಲ್ಲಿ ಕೂತವನು ಬೆಳಿಗ್ಗೆ ಒಂದು ಸಲ ಲಾಗಿನ್ ಆದರೆ ಸಂಜೆ ತನಕ ನಡೆಯುತ್ತೆ. ನಮಗೆ ಹಾಗಲ್ಲ. ಸೆಸ್ಕ್‌ನವರು ಲೈನ್ ತೆಗೆದ್ರು, ವೈಫೈ ಹೋಯ್ತು, ಹಾಟ್‌ಸ್ಪಾಟ್‌ಗೆ ಬಂದ್ರಿ, ವಿಪಿಎನ್ ಕಟ್ಟಾಯ್ತು. ಮತ್ತೆ ಲಾಗಿನ್, ಮತ್ತೆ ಅಪ್ರೂವ್. ಕರೆಂಟ್ ಬಂತು, ವೈಫೈಗೆ ಹೋದ್ರಿ, ಮತ್ತೆ ಅಪ್ರೂವ್. ಮಳೆ ಬಂದ ದಿನ ಕೇಳಲೇಬೇಡಿ. ಹೀಗೆ ಒತ್ತಿ ಒತ್ತಿ ಆ ನೋಟಿಫಿಕೇಶನ್ ಏನು ಹೇಳ್ತಿದೆ ಅಂತ ಓದೋದೇ ನಿಂತುಹೋಗುತ್ತೆ. ಊಟ ಮಾಡ್ತಾ ಎಡಗೈಯಲ್ಲೇ ಒತ್ತಿಬಿಡ್ತೀವಿ. ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ, ವೋಚರ್ ನೋಡದೆ ಸಹಿ ಹಾಕೋ ಮ್ಯಾನೇಜರ್ ಆಗಿಬಿಟ್ಟಿರ್ತೀವಿ.

ಕಳ್ಳರಿಗೆ ಬೇಕಾಗಿರೋದು ಈ ಅಭ್ಯಾಸವೇ. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಗೆ ಆಗಿದ್ದು ನೋಡಿ. ಕಂಪನಿಯೇ ಆಮೇಲೆ ಹೇಳಿದ ಪ್ರಕಾರ, ಒಬ್ಬ ಗುತ್ತಿಗೆ ನೌಕರನ ಪಾಸ್‌ವರ್ಡ್ ದಾಳಿಕೋರನ ಕೈಗೆ ಸಿಕ್ಕಿತ್ತು. ಅವನು ಮತ್ತೆ ಮತ್ತೆ ಲಾಗಿನ್ ಆಗೋಕೆ ನೋಡಿದ. ಪ್ರತಿ ಸಲವೂ ಆ ನೌಕರನ ಫೋನಿಗೆ ಅಪ್ರೂವ್ ಕೇಳಿ ಸಂದೇಶ ಬಂತು. ಒಂದು ಸಲ ಅವನು ಒತ್ತಿಬಿಟ್ಟ, ಅಷ್ಟೇ. ಐಟಿ ವಿಭಾಗದವನು ಅಂತ ಹೇಳ್ಕೊಂಡು ವಾಟ್ಸ್‌ಆ್ಯಪ್ ಮಾಡಿ ಒತ್ತಿಸಿದೆ ಅಂತ ದಾಳಿಕೋರನೇ ಆಮೇಲೆ ಹೇಳಿಕೊಂಡಿದ್ದ. ಇಲ್ಲಿ ವಿಪಿಎನ್ ಕೆಟ್ಟಿರಲಿಲ್ಲ, ತನ್ನ ಕೆಲಸ ಸರಿಯಾಗೇ ಮಾಡ್ತು. ಅಪ್ರೂವ್ ಒತ್ತಿದವರನ್ನ ಒಳಗೆ ಬಿಡ್ತು.

ಈ ಕಾರಣಕ್ಕೇ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ತನ್ನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಬರೀ ಅಪ್ರೂವ್ ಒತ್ತಿದರೆ ಸಾಲದು, ಕಂಪ್ಯೂಟರ್ ಪರದೆಯಲ್ಲಿ ಕಾಣೋ ಸಂಖ್ಯೆಯನ್ನ ಫೋನಲ್ಲಿ ಟೈಪ್ ಮಾಡಬೇಕು ಅಂತ ಕಡ್ಡಾಯ ಮಾಡಿತು. ‘ಇದೇನ್ ಗುರು ತಲೆನೋವು’ ಅಂತ ಬೈಕೊಂಡವರು ಎಷ್ಟೋ ಜನ. ಆದರೆ ಲಾಗಿನ್ ಆಗ್ತಿರೋದು ನೀವಲ್ಲ ಅಂದ್ರೆ ಆ ಸಂಖ್ಯೆ ನಿಮ್ಮ ಪರದೆ ಮೇಲೆ ಬರೋದೇ ಇಲ್ಲ, ಅಲ್ವಾ? ನಿಮ್ಮ ಕಂಪನಿಯಲ್ಲಿ ಇನ್ನೂ ಬರೀ ಅಪ್ರೂವ್ ಬಟನ್ ಇದ್ದರೆ ಒಂದು ಮೇಲ್ ಹಾಕಿ ಕೇಳಿ, ತಪ್ಪೇನಿಲ್ಲ. ಪಾಸ್‌ವರ್ಡ್ ಬಿಟ್ಟರೆ ಎರಡನೇ ಹಂತವೇ ಇಲ್ಲ ಅಂದ್ರಂತೂ ಕೇಳಲೇಬೇಕು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಅನ್ನೋ ಇಂಧನ ಕಂಪನಿ ಪೈಪೇ ಬಂದ್ ಮಾಡಬೇಕಾಯ್ತು. ಕಳ್ಳರು ನುಗ್ಗಿದ್ದು ಒಂದು ಹಳೇ ವಿಪಿಎನ್ ಖಾತೆಯಿಂದ, ಅದಕ್ಕೆ ಇದ್ದಿದ್ದು ಬರೀ ಪಾಸ್‌ವರ್ಡ್. ಕಂಪನಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕಟ್ಟಿತು.

ಇದಕ್ಕೆ ನನಗೆ ಗೊತ್ತಿರೋ ಅತಿ ಅಗ್ಗದ ಪರಿಹಾರ ಭದ್ರತೆ ತಜ್ಞರು ಹೇಳೋದಲ್ಲ: ರೌಟರ್‌ಗೆ ಒಂದು ಚಿಕ್ಕ ಯುಪಿಎಸ್. ಸಾವಿರ, ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತೆ. ಕರೆಂಟ್ ಹೋದರೂ ವೈಫೈ ಸ್ವಲ್ಪ ಹೊತ್ತು ನಡೀತಾ ಇದ್ದರೆ ವಿಪಿಎನ್ ಕಟ್ಟಾಗೋದು ಕಮ್ಮಿ, ಅಪ್ರೂವ್ ಕಮ್ಮಿ. ಕಮ್ಮಿ ಬಂದಾಗ ಓದಿ ಒತ್ತುತ್ತೀವಿ. ನೀವು ಲಾಗಿನ್ ಆಗದೇ ಇರುವಾಗ ಬಂತು ಅಂದ್ರೆ ಡಿನೈ ಒತ್ತಿ, ಪಾಸ್‌ವರ್ಡ್ ಬದಲಾಯಿಸಿ, ಹೆಲ್ಪ್‌ಡೆಸ್ಕ್‌ಗೆ ಹೇಳಿ. ರಾತ್ರಿ ಎರಡು ಗಂಟೆಗೆ ಬಂದರೂ ‘ನೆಟ್‌ವರ್ಕ್ ಪ್ರಾಬ್ಲಮ್ ಇರಬೇಕು’ ಅಂತ ಮಗ್ಗುಲು ಬದಲಾಯಿಸಬೇಡಿ. ನಿಮ್ಮ ಪಾಸ್‌ವರ್ಡ್ ಯಾರ ಹತ್ತಿರವೋ ಇದೆ ಅನ್ನೋದು ಅದರ ಅರ್ಥ.

ಹೆಲ್ಪ್‌ಡೆಸ್ಕ್ ಅಂದೆನಲ್ಲ, ಅದರಲ್ಲೂ ಒಂದು ವಿಷಯ ಇದೆ. 2020ರ ಜುಲೈನಲ್ಲಿ ಟ್ವಿಟರ್‌ನಲ್ಲಿ ಒಬಾಮ, ಬೈಡನ್ ಅಂಥವರ ಖಾತೆಗಳು ಹ್ಯಾಕ್ ಆದವು. ನ್ಯೂಯಾರ್ಕ್‌ನ ಹಣಕಾಸು ಸೇವೆಗಳ ಇಲಾಖೆ ತನಿಖೆ ಮಾಡಿ ವರದಿ ಕೊಟ್ಟಿತು. ಮನೆಯಿಂದ ಕೆಲಸ ಮಾಡ್ತಿದ್ದ ನೌಕರರಿಗೆ ಫೋನ್ ಬಂದಿತ್ತು: ನಾವು ಹೆಲ್ಪ್‌ಡೆಸ್ಕ್, ನಿಮ್ಮ ವಿಪಿಎನ್ ತೊಂದರೆ ಸರಿ ಮಾಡ್ತೀವಿ ಅಂತ. ಆಮೇಲೆ ಅಸಲಿ ಪೋರ್ಟಲ್ ಥರವೇ ಕಾಣೋ ನಕಲಿ ಪುಟಕ್ಕೆ ಕಳಿಸಿದ್ರು. ವಿಪಿಎನ್ ತೊಂದರೆ ಎಲ್ಲರಿಗೂ ಇದ್ದ ಕಾಲ ಅದು, ಹಾಗಾಗಿ ನಂಬಿದ್ರು. ನಮ್ಮ ಕಡೆ ಅದು ದಿನಾ ಇರುತ್ತೆ! ಯಾರೇ ಫೋನ್ ಮಾಡಲಿ, ಕನ್ನಡದಲ್ಲಿ ಪ್ರೀತಿಯಿಂದಲೇ ಮಾತಾಡಲಿ, ‘ಇಡಿ ಸಾರ್, ನಾನೇ ವಾಪಸ್ ಮಾಡ್ತೀನಿ’ ಅನ್ನಿ. ಕಂಪನಿ ಕೊಟ್ಟಿರೋ ನಂಬರಿಗೇ ಮಾಡಿ. ಪೋರ್ಟಲ್ ವಿಳಾಸವನ್ನ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ, ಗೂಗಲ್‌ನಲ್ಲಿ ಹುಡುಕಬೇಡಿ, ಮೆಸೇಜ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ.

ಇನ್ನು ಲ್ಯಾಪ್‌ಟಾಪ್. ಹಳ್ಳಿ ಮನೆಯಲ್ಲಿ ಇದು ಸ್ವಲ್ಪ ಕಷ್ಟದ ಮಾತು. ‘ಅಕ್ಕ, ಒಂದ್ ಹತ್ ನಿಮಿಷ ಕೊಡಕ್ಕ, ಸ್ಕಾಲರ್‌ಶಿಪ್ ಅರ್ಜಿ ಹಾಕ್ಬೇಕು’ ಅಂತ ಚಿಕ್ಕಪ್ಪನ ಮಗ ಬಂದು ನಿಂತ್ರೆ ಇಲ್ಲ ಅನ್ನೋದು ಹೇಗೆ? ಆದರೂ ಅನ್ನಬೇಕು. ನಿಮ್ಮ ಸ್ವಂತ ಫೋನ್ ಕೊಡಿ, ಇಲ್ಲ ಪೇಟೆಗೆ ಜೊತೆಗೆ ಹೋಗಿ ಸೈಬರ್ ಸೆಂಟರ್‌ನಲ್ಲಿ ಹಾಕಿಸಿ. ಯಾಕೆ ಅಂದ್ರೆ ಅವನು ಪಾಪ ಡೌನ್‌ಲೋಡ್ ಮಾಡಿದ ಒಂದು ಫೈಲಿನಲ್ಲಿ ಏನಿದೆಯೋ ಅವನಿಗೂ ಗೊತ್ತಿರಲ್ಲ.

ಬೆಂಗಳೂರಿನದ್ದೇ ಉದಾಹರಣೆ ಇದೆ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಅನ್ನೋ ಕ್ರಿಪ್ಟೋ ಕಂಪನಿಯಿಂದ ಸುಮಾರು 4.4 ಕೋಟಿ ಡಾಲರ್, ಅಂದ್ರೆ ₹379 ಕೋಟಿ ಕಳುವಾಯ್ತು. ಪೊಲೀಸರು ಕಂಪನಿಯ ಒಬ್ಬ ನೌಕರನನ್ನ ಬಂಧಿಸಿದ್ರು. ಆತ ಕಂಪನಿ ಲ್ಯಾಪ್‌ಟಾಪ್‌ನಲ್ಲೇ ಹೊರಗಿನವರ ಪಾರ್ಟ್‌ಟೈಮ್ ಕೆಲಸ ಮಾಡ್ತಿದ್ದ, ಆ ದಾರಿಯಲ್ಲಿ ಕಳ್ಳರು ಒಳಗೆ ಬಂದರು ಅನ್ನೋದು ತನಿಖೆಯಲ್ಲಿ ಕೇಳಿಬಂದ ಮಾತು. ಅವನ ತಪ್ಪೆಷ್ಟು ಅನ್ನೋದನ್ನ ಕೋರ್ಟ್ ನೋಡ್ಕೊಳ್ಳಲಿ. ನನಗೆ ಇಲ್ಲಿ ಕಾಣೋದು ಇಷ್ಟು: ಸಂಬಳ ಸಾಲದೆ ರಾತ್ರಿ ಇನ್ನೊಂದು ಕೆಲಸ ಹಿಡಿಯೋ ಹುಡುಗರು ನಮ್ಮ ಕಡೆಯೂ ಇದ್ದಾರೆ. ಆ ಆಸೆ ನನಗೆ ಅರ್ಥ ಆಗುತ್ತೆ. ಬೇರೆ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೂ ಕರಾರಿನಲ್ಲಿ ಅನುಮತಿ ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ಕಂಪನಿ ಲ್ಯಾಪ್‌ಟಾಪ್‌ನಲ್ಲಂತೂ ಬೇಡವೇ ಬೇಡ.

ಬಿ.ಕಾಂ ಓದಿ ಪೇರೋಲ್ ಮಾಡೋರು ‘ನನ್ನ ಹತ್ತಿರ ಕೋಟಿ ಏನಿದೆ ಕದಿಯೋಕೆ’ ಅಂತಾರೆ. ನಿಮ್ಮ ಎಕ್ಸೆಲ್ ಶೀಟಲ್ಲಿ ನೂರಾರು ಜನರ ಪ್ಯಾನ್ ನಂಬರು, ಬ್ಯಾಂಕ್ ಖಾತೆ, ಸಂಬಳ ಇರುತ್ತಲ್ಲ, ಅದು ಅವರದ್ದು, ನಿಮ್ಮದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಕಾಪಾಡದಿದ್ದರೆ ₹250 ಕೋಟಿ ತನಕ ದಂಡ ಅಂತ ಬರೆದಿದೆ. ದಂಡ ಕಟ್ಟೋದು ಕಂಪನಿ ಇರಬಹುದು, ಕೆಲಸ ಕಳ್ಕೊಂಡು ಜಗುಲಿ ಮೇಲೆ ಕೂರೋದು ನಾವು. ಆಮೇಲೆ ಕಂಪನಿಯವರು ಊರಿಂದ ಕೆಲಸ ಮಾಡೋಕೆ ಇನ್ನೊಬ್ಬರಿಗೆ ಬಿಡ್ತಾರಾ? ‘ಎಲ್ಲಾ ಆಫೀಸಿಗೆ ಬನ್ನಿ’ ಅನ್ನೋಕೆ ನೆಪ ಹುಡುಕ್ತಿರೋ ಕಾಲ ಇದು.

ಕೇಳುಗರು ಆಗಾಗ ಕೇಳೋ ಎರಡು ಪ್ರಶ್ನೆ ಉಳಿದಿವೆ. ಒಂದು, ಯೂಟ್ಯೂಬ್‌ನಲ್ಲಿ ಜಾಹೀರಾತು ಬರೋ ವಿಪಿಎನ್ ಆ್ಯಪ್ ಮತ್ತೆ ಕಂಪನಿ ವಿಪಿಎನ್ ಒಂದೇನಾ? ಅಲ್ಲ. ಜಾಹೀರಾತಿನದ್ದು ನಿಮ್ಮನ್ನ ಅವರ ಸರ್ವರ್‌ಗೆ ಸೇರಿಸುತ್ತೆ, ಕಂಪನಿಯದ್ದು ಕಂಪನಿಗೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ, ವಿಪಿಎನ್ ಮಾರೋರು ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಬೇಕು ಅಂತ ನಿರ್ದೇಶನ ಕೊಟ್ಟಿತ್ತು, ಆಮೇಲೆ ಕಂಪನಿಗಳು ತಮ್ಮ ನೌಕರರಿಗೆ ಕೊಡೋ ವಿಪಿಎನ್‌ಗೆ ಅದು ಅನ್ವಯಿಸಲ್ಲ ಅಂತ ಸ್ಪಷ್ಟ ಮಾಡಿತ್ತು. ಆಫೀಸ್ ಲ್ಯಾಪ್‌ಟಾಪ್‌ಗೆ ಆ ಪುಕ್ಕಟೆ ಆ್ಯಪ್ ಹಾಕ್ಬೇಡಿ.

ಎರಡು, ವಿಪಿಎನ್ ಹಾಕಿದಾಗ ನಾನು ನೋಡೋದೆಲ್ಲ ಕಂಪನಿಗೆ ಕಾಣುತ್ತಾ? ಅದು ಸೆಟ್ಟಿಂಗ್ ಮೇಲೆ ನಿಂತಿದೆ. ಕೆಲವು ಕಂಪನಿಗಳು ಕೆಲಸದ ಟ್ರಾಫಿಕ್ ಮಾತ್ರ ಸುರಂಗಕ್ಕೆ ಬಿಡ್ತಾರೆ, ಕೆಲವರು ಆ ಲ್ಯಾಪ್‌ಟಾಪ್‌ನದ್ದೆಲ್ಲಾ. ಎಷ್ಟು ಹೊತ್ತಿಗೆ, ಯಾವ ಐಪಿಯಿಂದ, ಯಾವ ಸಾಧನದಿಂದ ಬಂದ್ರಿ ಅನ್ನೋದು ಸಾಮಾನ್ಯವಾಗಿ ದಾಖಲಾಗುತ್ತೆ. ನಿಮ್ಮ ಫೋನಿನ ಗ್ಯಾಲರಿ ಅದರಲ್ಲಿ ಹೋಗಲ್ಲ, ಗಾಬರಿ ಬೇಡ. ಕ್ರಿಕೆಟ್ ಮ್ಯಾಚ್ ಮಾತ್ರ ನಿಮ್ಮ ಸ್ವಂತ ಫೋನಲ್ಲೇ ನೋಡಿ.

ಈ ಸಂಚಿಕೆ ಮುಗಿದ ಮೇಲೆ ನಿಮ್ಮ ಕಂಪನಿಯ ಹೆಲ್ಪ್‌ಡೆಸ್ಕ್ ನಂಬರ್ ಫೋನಲ್ಲಿ ಸೇವ್ ಮಾಡಿ, ಮನೆಯ ಕ್ಯಾಲೆಂಡರ್ ಮೇಲೂ ಪೆನ್ನಲ್ಲಿ ಬರೆದಿಡಿ. ಆ ನಂಬರ್ ಬೇಕಾಗೋ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್ ಆಗಿರುತ್ತೆ, ಫೋನಿನ ಚಾರ್ಜೂ ಮುಗಿದಿರುತ್ತೆ.