ಸವೆದ ಬೆರಳಿನ ಗುರುತು



2023ರಲ್ಲಿ ದೆಹಲಿಯಲ್ಲಿ ಜಿ-20 ಶೃಂಗಸಭೆ ನಡೆದಾಗ ಭಾರತ ತನ್ನ ಆಧಾರ್, ಯುಪಿಐ ವ್ಯವಸ್ಥೆಗಳನ್ನು ಜಗತ್ತಿನ ಮುಂದಿಟ್ಟಿತು. ನನಗೂ ಹೆಮ್ಮೆಯಾಯಿತು. ಅದೇ ವರ್ಷ ನಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಒಬ್ಬ ಅಜ್ಜಿ ಮೂರು ಸಲ ಹೆಬ್ಬೆಟ್ಟು ಒತ್ತಿ ಬರಿಗೈಲಿ ಮರಳಿದ್ದನ್ನೂ ಕಂಡೆ. ಜೀವಮಾನವೆಲ್ಲ ಕಳೆ ಕಿತ್ತು, ಪಾತ್ರೆ ತಿಕ್ಕಿದ ಬೆರಳು, ಗೆರೆಗಳೇ ಸವೆದಿದ್ದವು. ಕಾಯಕವನ್ನೇ ಪೂಜೆಯೆಂದು ನಂಬಿದ ನಮ್ಮ ನಡುವೆ ಕಾಯಕ ಮಾಡಿದ್ದೇ ಆಕೆಯ ತಪ್ಪಾಯಿತು.

ಯಂತ್ರವನ್ನು ನಾನು ದೂರುವುದಿಲ್ಲ. ನಮ್ಮ ರಾಜ್ಯದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು. ಅಲ್ಲಿ ಬೆರಳಚ್ಚು ಕೊಡಬೇಕಾದವರು ದಾಖಲೆ ತಿದ್ದುವ ಸಿಬ್ಬಂದಿ. ಯಾರು ತಿದ್ದಿದರೆಂಬುದಕ್ಕೆ ಅದೇ ಸಾಕ್ಷಿ. ಪಡಿತರದ ಅಂಗಡಿಯಲ್ಲಾದರೋ ಹಸಿದವರೇ ಸಾಕ್ಷಿ ಕೊಡಬೇಕು. ಯಂತ್ರ ಯಾರನ್ನು ಪ್ರಶ್ನಿಸುತ್ತದೆ ಎಂಬುದರಲ್ಲೇ ಆಡಳಿತದ ನೀತಿ ತಿಳಿಯುತ್ತದೆ.

ಬೆರಳು ಹೊಂದದಿದ್ದರೆ ಬೇರೆ ದಾರಿಯಿಂದ ಗುರುತಿಸಿ ಸೌಲಭ್ಯ ಕೊಡಬೇಕೆಂದು ಆಧಾರ್ ಪ್ರಾಧಿಕಾರದ 2017ರ ಸುತ್ತೋಲೆಯೇ ಹೇಳುತ್ತದೆ. ಅಂದು ಅದು ನನಗೆ ತಿಳಿದಿರಲಿಲ್ಲ, ಸುಮ್ಮನೆ ನಿಂತಿದ್ದೆ. ಆ ಮೌನ ಇಂದಿಗೂ ಚುಚ್ಚುತ್ತದೆ.

ಆದ್ದರಿಂದ ಒಂದು ಬಿನ್ನಹ. ಓದುಬರಹ ಬಲ್ಲ ನಾವು ಪಡಿತರ ಹಂಚುವ ದಿನ ಅಂಗಡಿಯ ಬಳಿ ಒಂದು ಗಂಟೆ ನಿಲ್ಲೋಣ. ಯಾರೂ ಬರಿಗೈಲಿ ಮರಳದಂತೆ ನೋಡೋಣ. ಅದೂ ದಾಸೋಹವೇ. ಜಗತ್ತು ಮೆಚ್ಚಿದ ಭಾರತದಲ್ಲಿ ಆ ಅಜ್ಜಿಗೂ ಗುರುತಿರಲಿ.