ಗಾಳದವರು ಒಪ್ಪುವ ಮೀನು, ಒಲ್ಲದ ಮೀನು

(ಗ್ರಾಮದ ಜಮೀನುದಾರರಿಗೂ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸ)



ಕೆರೆಯ ಏರಿಯ ಮೇಲೆ ದಿನವೆಲ್ಲ ಗಾಳ ಹಾಕಿ ಕುಳಿತವನು ಸಂಜೆ ಎದ್ದುಹೋದ ಮೇಲೆ ಆ ಸ್ಥಳವನ್ನು ನೋಡಿದರೆ ಒಂದು ಸಂಗತಿ ಗೋಚರವಾಗುವುದು. ಅವನ ಬುಟ್ಟಿಯಲ್ಲಿ ಎರಡು ಮೂರು ಮೀನುಗಳು ಮನೆಗೆ ಹೋಗಿರುತ್ತವೆ. ಏರಿಯ ಕಲ್ಲುಗಳ ಮೇಲೆ ನಾಲ್ಕಾರು ಮೀನುಗಳು ಕಾಗೆಯ ಪಾಲಾಗಿ ಬಿದ್ದಿರುತ್ತವೆ. ಯಾವುದನ್ನು ಅವನು ಒಯ್ದನು, ಯಾವುದನ್ನು ಒಲ್ಲೆನೆಂದು ಎಸೆದನು, ಏತಕ್ಕಾಗಿ ಎಸೆದನು ಎಂಬುದನ್ನು ವಿಚಾರಿಸುವುದು ಕೇವಲ ವಿನೋದಕ್ಕಲ್ಲ. ಕೆರೆಯು ಊರಿನ ಸ್ವತ್ತು. ಅದರಲ್ಲಿ ಬೆಳೆದ ಆಹಾರವು ವ್ಯರ್ಥವಾದರೆ ನಷ್ಟವು ಊರಿಗೇ ಸೇರಿದ್ದು. ಆದಕಾರಣ ಮೀನನ್ನು ಮುಟ್ಟದ ಮನೆತನದವರಿಗೂ ಈ ವಿಷಯವು ಸಂಬಂಧಪಟ್ಟದ್ದೇ ಆಗಿದೆ.

ಸಿಹಿನೀರಿನ ಮೀನನ್ನು ಜನರು ಬೇಡವೆನ್ನುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳು: ಕೆಸರಿನ ವಾಸನೆ, ಮುಳ್ಳು, ರೂಪ. ಇವುಗಳಲ್ಲಿ ಮೊದಲನೆಯದು ನೀರಿನ ದೋಷ, ಎರಡನೆಯದು ಕತ್ತಿಯ ಕೆಲಸ, ಮೂರನೆಯದು ಕಣ್ಣಿನ ಭ್ರಮೆ. ಮೂರಕ್ಕೂ ಪರಿಹಾರವುಂಟು. ನಿಜವಾಗಿ ತ್ಯಜಿಸತಕ್ಕ ಮೀನುಗಳು ಬೇರೆಯೇ ಇವೆ. ವಿಷಾದದ ಸಂಗತಿಯೆಂದರೆ, ಎಸೆಯಬಾರದ್ದನ್ನು ಎಸೆಯುವ ಕೈಯೇ ಎಸೆಯತಕ್ಕದ್ದನ್ನು ಎಷ್ಟೋ ವೇಳೆ ಮನೆಗೆ ತರುತ್ತದೆ.

ಒಪ್ಪುವ ಮೀನು

ಗಾಳದವರು ಕೆರೆಯ ಮೀನುಗಳಲ್ಲಿ ಪ್ರಥಮ ಸ್ಥಾನವನ್ನು ಕೊರವ ಮೀನಿಗೆ ಕೊಡುವರು. ಕೆಲವು ಕಡೆ ಇದನ್ನು ಕುಚ್ಚು ಮೀನೆಂದೂ ಕರೆಯುವರು. ಇದರ ಮಾಂಸವು ಬಿಳುಪು, ಗಟ್ಟಿ. ಸಣ್ಣ ಮುಳ್ಳುಗಳು ಬಹಳ ಕಡಮೆ. ಕಿವಿರಿನ ಮೇಲ್ಭಾಗದಲ್ಲಿ ಗಾಳಿಯನ್ನು ಉಸಿರಾಡುವ ಅಂಗವಿರುವುದರಿಂದ ಒದ್ದೆ ಬುಟ್ಟಿಯಲ್ಲಿ ಕೆಲವು ಗಂಟೆಗಳವರೆಗೆ ಜೀವದಿಂದಿರುತ್ತದೆ. ಜೀವಂತ ಮೀನನ್ನು ಕಣ್ಣಾರೆ ನೋಡಿ ಕೊಳ್ಳುವವನು ಹೆಚ್ಚು ಬೆಲೆ ಕೊಡುವುದು ಸಹಜ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಳೆಗಾಲದಲ್ಲಿ ಕೆರೆಯಂಚಿನ ಜೊಂಡಿನ ನಡುವೆ ಕೆಂಪು ಬಣ್ಣದ ಮರಿಗಳ ಗುಂಪೊಂದು ಮೇಲೆ ಕೆಳಗೆ ಆಡುತ್ತಿದ್ದರೆ, ಅದರ ಕೆಳಗೆ ತಾಯಿತಂದೆ ಮೀನುಗಳು ಕಾವಲಿರುವುವೆಂದು ತಿಳಿಯಬೇಕು. ಆ ಸಮಯದಲ್ಲಿ ಗಾಳಕ್ಕೆ ಕಪ್ಪೆಯನ್ನು ಕಟ್ಟಿ ಹಾಕಿದರೆ ಕೊರವವು ಕೋಪದಿಂದ ನುಗ್ಗಿ ಸುಲಭವಾಗಿ ಸಿಕ್ಕುವುದು. ಒಂದು ಮೀನು ಸಿಕ್ಕಿತೆಂಬ ಸಂತೋಷದಲ್ಲಿ ನೂರಾರು ಮರಿಗಳು ಅನಾಥವಾಗಿ ಇತರ ಮೀನುಗಳ ಬಾಯಿಗೆ ಬೀಳುವುವು. ಇದು ಬಿತ್ತನೆಯ ಕಾಳನ್ನು ಹುರಿದು ತಿಂದಂತೆ.

ಎರಡನೆಯದು ವಾಳೆ ಮೀನು. ಇದಕ್ಕೆ ಹುರುಪೆಯಿಲ್ಲ, ಬಾಯಿ ಬಹು ಅಗಲ, ಹಲ್ಲುಗಳು ಅಸಂಖ್ಯ, ಒಂದು ಮೀಟರಿಗೂ ಮೀರಿ ಬೆಳೆಯುವುದುಂಟು. ಇಂಗ್ಲಿಷಿನಲ್ಲಿ ಇದನ್ನು ಸಿಹಿನೀರಿನ ಷಾರ್ಕ್ ಎಂದು ಹೆಸರಿಸಿದ್ದಾರೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನೆಂದು ಕೆಲವರು ಇದನ್ನು ಹೇಸುವರು. ತುಂಡಿನಲ್ಲಿ ಸಣ್ಣ ಮುಳ್ಳಿಲ್ಲವೆಂದು ಮತ್ತೆ ಕೆಲವರು ಇದನ್ನೇ ಅರಸಿ ಬರುವರು. ಇದರ ಮಾಂಸವು ಮೃದು. ಬಿಸಿಲಿನಲ್ಲಿಟ್ಟರೆ ಬೇಗ ಕೆಡುವುದು. ಆದುದರಿಂದ ಹಿಡಿದೊಡನೆ ಕೊಂದು, ಕರುಳನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು.

ಕೆಸರಿನ ವಾಸನೆ

ಬೇಸಗೆಯಲ್ಲಿ ನೀರು ಇಳಿದು ಮೇಲೆ ಹಸಿರು ಪಾಚಿ ಕಟ್ಟಿದ ಕೆರೆಯ ಮೀನು ಮಣ್ಣು ನಾರುತ್ತದೆಂದು ಎಲ್ಲರೂ ಬಲ್ಲರು. ಮೀನು ಕೆಸರನ್ನು ತಿನ್ನುವುದರಿಂದ ಹೀಗಾಗುತ್ತದೆಂದು ಭಾವಿಸುವುದು ಸರಿಯಲ್ಲ. ನೀರಿನ ನೀಲಿಹಸಿರು ಪಾಚಿಗಳೂ ಕೆಲವು ಸೂಕ್ಷ್ಮಜೀವಿಗಳೂ ಜಿಯೋಸ್ಮಿನ್ ಎಂಬ ಒಂದು ವಸ್ತುವನ್ನು ಉತ್ಪತ್ತಿ ಮಾಡುತ್ತವೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಸುವಾಸನೆಗೂ ಮುಖ್ಯವಾಗಿ ಇದೇ ವಸ್ತುವು ಕಾರಣ. ಹೊಲದಲ್ಲಿ ಹಿತವಾದದ್ದು ತಟ್ಟೆಯಲ್ಲಿ ಅಹಿತವಾಗುವುದು, ಅಷ್ಟೆ. ಒಂದು ಲಕ್ಷ ಕೋಟಿ ಭಾಗ ನೀರಿನಲ್ಲಿ ಸುಮಾರು 10 ಭಾಗವಿದ್ದರೂ ಮನುಷ್ಯನ ಮೂಗು ಇದನ್ನು ಕಂಡುಹಿಡಿಯಬಲ್ಲುದು. ಇದು ಕಿವಿರಿನ ಮೂಲಕ ಮೀನಿನ ದೇಹವನ್ನು ಸೇರಿ ಕೊಬ್ಬಿನಲ್ಲಿ ನಿಲ್ಲುತ್ತದೆ. ಈ ವಾಸನೆಯಿಂದ ಆರೋಗ್ಯಕ್ಕೆ ಹಾನಿಯಿಲ್ಲ.

ಪರಿಹಾರವು ಎರಡು ವಿಧ. ಜೀವಂತ ಮೀನನ್ನು ಪಾಚಿಯಿಲ್ಲದ ತೊಟ್ಟಿಯಲ್ಲಿ, ಶುದ್ಧವಾದ ನೀರು ಹರಿದು ಬದಲಾಗುತ್ತಿರುವಂತೆ, ಆಹಾರ ಹಾಕದೆ ಕೆಲವು ದಿನ ಇಟ್ಟರೆ ವಾಸನೆಯು ತಾನಾಗಿ ಇಳಿಯುತ್ತದೆ. ಕೊಬ್ಬಿದ ಮೀನಿಗೆ ಹೆಚ್ಚು ದಿನ ಬೇಕು. ಇದು ಆಗದಿದ್ದಲ್ಲಿ ಅಡಿಗೆಯ ಮನೆಯಲ್ಲಿ ಚರ್ಮವನ್ನೂ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ಕೊಬ್ಬನ್ನೂ ತೆಗೆದು, ಉಪ್ಪು ಹಚ್ಚಿ ತಿಕ್ಕಿ ತೊಳೆದು, ಹುಣಿಸೆಯ ರಸದಲ್ಲಿ ಸ್ವಲ್ಪ ಹೊತ್ತು ನೆನೆಸಬೇಕು. ಹುಳಿಯ ಸಂಪರ್ಕದಿಂದ ಈ ವಸ್ತುವು ಒಡೆದು ವಾಸನೆ ತಗ್ಗುವುದು. ಕೆರೆಮೀನಿನ ಸಾರಿಗೆ ಹುಣಿಸೆಹಣ್ಣನ್ನು ಧಾರಾಳವಾಗಿ ಹಾಕುವ ಹೆಂಗಸರ ಹಳೆಯ ಪದ್ಧತಿಗೆ ರುಚಿಯೊಂದೇ ಆಧಾರವಲ್ಲವೆಂದು ಇದರಿಂದ ತಿಳಿಯುವುದು.

ಮುಳ್ಳು

ಗೆಂಡೆಯ ಜಾತಿಯ ಮೀನುಗಳಲ್ಲಿ ಬೆನ್ನೆಲುಬಿಗೆ ಸೇರದೆ ಮಾಂಸದ ನಡುವೆಯೇ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಸಾಮಾನ್ಯ ಗೆಂಡೆ, ಕಾಟ್ಲಾ, ರೋಹು, ಮೃಗಾಲ್, ಪಕ್ಕೆ ಇವೆಲ್ಲವೂ ಈ ವರ್ಗದವು. ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಭಯದಿಂದ ಇವನ್ನು ಬಿಡುವವರುಂಟು. ಹರಿತವಾದ ಕತ್ತಿಯಿಂದ ಮೀನಿನ ಪಕ್ಕದ ಮಾಂಸವನ್ನು ಭತ್ತದ ಕಾಳಿನ ಅಗಲದಷ್ಟು ಅಂತರದಲ್ಲಿ ಅಡ್ಡಡ್ಡವಾಗಿ ಆಳಕ್ಕೆ ಗೀರಿ, ಕಾದ ಎಣ್ಣೆಯಲ್ಲಿ ಕರಿದರೆ ತುಂಡಾದ ಮುಳ್ಳುಗಳು ಬೆಂದು ಗರಿಗರಿಯಾಗುವುವು. ಪಕ್ಕೆಯಂಥ ಬೆರಳುದ್ದದ ಮೀನನ್ನು ಇಡಿಯಾಗಿ ಗರಿಗರಿಯಾಗಿ ಹುರಿದು ಮುಳ್ಳಿನೊಡನೆ ತಿಂದರೆ ಎಲುಬನ್ನು ಬಲಪಡಿಸುವ ಸುಣ್ಣದ ಅಂಶವು ದೊರೆಯುವುದು. ಏರಿಯ ಮೇಲೆ ಹೆಚ್ಚಾಗಿ ಎಸೆಯಲ್ಪಡುವುದು ಈ ಸಣ್ಣ ಮೀನೇ. ಎಳೆಯ ಮಕ್ಕಳಿಗೆ ಮಾತ್ರ ಕೊರವದಂಥ ಮುಳ್ಳಿಲ್ಲದ ಮೀನನ್ನೇ ಕೊಡುವುದು ಕ್ಷೇಮ.

ರೂಪ

ಹಾವುಮೀನನ್ನು ಕಂಡೊಡನೆ ಗಾಳದ ದಾರವನ್ನೇ ಕತ್ತರಿಸಿ ಓಡುವವರಿದ್ದಾರೆ. ಹಾವಿಗೂ ಇದಕ್ಕೂ ಯಾವ ನಂಟೂ ಇಲ್ಲ. ಕಿವಿರಿನಿಂದ ಉಸಿರಾಡುವ ಶುದ್ಧ ಮೀನಿದು. ಇದರ ಹಸಿ ರಕ್ತದಲ್ಲಿ ವಿಷಾಂಶವಿರುವುದು ನಿಜ. ಆದರೆ ಚೆನ್ನಾಗಿ ಬೇಯಿಸಿದರೆ ಅದು ನಾಶವಾಗುವುದು. ಶುಚಿಮಾಡುವಾಗ ರಕ್ತವು ಕಣ್ಣಿಗೂ ಗಾಯಕ್ಕೂ ತಗಲದಂತೆ ನೋಡಿಕೊಂಡರೆ ಸಾಕು. ಈ ಮೀನು ಮೊಟ್ಟೆಯಿಡಲು ಸಮುದ್ರಕ್ಕೆ ಹೋಗಿ, ಅದರ ಮರಿಗಳು ನದಿಯನ್ನೇರಿ ಬರುವುವು. ಅಣೆಕಟ್ಟುಗಳು ಈ ದಾರಿಯನ್ನು ತಡೆದಿರುವುದರಿಂದ ಸಣ್ಣದು ಸಿಕ್ಕಿದರೆ ಮರಳಿ ಬಿಡುವುದು ಉತ್ತಮ.

ಚೇಳುಮೀನಿಗೆ ಆ ಹೆಸರು ಸಾರ್ಥಕವಾಗಿದೆ. ಪಕ್ಕದ ರೆಕ್ಕೆಗಳ ಮುಳ್ಳು ಚುಚ್ಚಿದರೆ ಉರಿಯು ವಿಪರೀತ. ಚುಚ್ಚಿದ ಭಾಗವನ್ನು ಚರ್ಮವು ತಾಳುವಷ್ಟು ಬಿಸಿನೀರಿನಲ್ಲಿ ಮುಳುಗಿಸಿದರೆ ನೋವು ತಗ್ಗುವುದು. ಮುಳ್ಳು ಒಳಗೇ ಮುರಿದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಇಷ್ಟಾದರೂ ಬಂಗಾಳದಲ್ಲಿ ರೋಗದಿಂದ ಎದ್ದವರಿಗೆ ಇದೇ ಮೀನಿನ ಸಾರನ್ನು ಆರಿಸಿ ಕೊಡುವರು.

ಜಿಲೇಬಿ ಮೀನಿನ ಕಥೆ ಬೇರೆ. ಇದು ಆಫ್ರಿಕದ ಮೂಲದ್ದು. 1952ರಲ್ಲಿ ಭಾರತಕ್ಕೆ ತರಲಾಯಿತು. ಮುಳ್ಳು ಕಡಮೆಯಾದರೂ ಗಾಳದವರು ಇದನ್ನು ಕೀಳಾಗಿ ಎಣಿಸುವರು. ಎಳೆಯ ವಯಸ್ಸಿನಲ್ಲಿಯೇ ಮತ್ತೆ ಮತ್ತೆ ಮರಿಮಾಡಿ ಕೆರೆಯೆಲ್ಲ ತುಂಬಿ, ಆಹಾರ ಸಾಲದೆ ಎಲ್ಲವೂ ಗಿಡ್ಡಾಗಿ ಉಳಿಯುವುದೇ ಇದಕ್ಕೆ ಕಾರಣ. ಇದನ್ನು ಕೆರೆಗೆ ಮರಳಿ ಬಿಡದೆ ಹಿಡಿದಷ್ಟನ್ನೂ ಉಪಯೋಗಿಸುವುದೇ ಸರಿ.

ನಿಜವಾಗಿ ಬಿಡತಕ್ಕ ಮೀನು

ಮೊದಲನೆಯದು, ಪಟ್ಟಣದ ಚರಂಡಿಯೂ ಕಾರ್ಖಾನೆಯ ಕೊಳೆಯೂ ಸೇರುವ ಕೆರೆಯ ಮೀನು. ಕೆಸರಿನ ವಾಸನೆಯನ್ನು ಹುಣಿಸೆಹಣ್ಣು ಕಳೆಯಬಲ್ಲುದು. ಸೀಸ ಪಾದರಸಗಳನ್ನು ಯಾವ ಅಡಿಗೆಯೂ ಕಳೆಯಲಾರದು. ಸತ್ತು ತೇಲಿದ ಮೀನನ್ನಂತೂ ಮುಟ್ಟಲೇಬಾರದು. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದುವು. ಮೀನು ಉಸಿರುಕಟ್ಟಿ ಸತ್ತಿತೋ ವಿಷದಿಂದ ಸತ್ತಿತೋ ಎಂಬುದನ್ನು ಕಣ್ಣಿನಿಂದ ಹೇಳಲು ಸಾಧ್ಯವಿಲ್ಲ.

ಎರಡನೆಯದು, ನೀರಿಗೆ ವಿಷ ಹಾಕಿ ಅಥವಾ ಸಿಡಿಮದ್ದು ಹಾರಿಸಿ ಹಿಡಿದ ಮೀನು. ಇದನ್ನು ಬ್ರಿಟಿಷ್ ಇಂಡಿಯಾದಲ್ಲಿ 1897ರ ಮೀನುಗಾರಿಕೆಯ ಕಾನೂನೇ ನಿಷೇಧಿಸಿತು. ಒಂದು ದಿನದ ಊಟಕ್ಕಾಗಿ ಮಡುವಿನ ಮರಿ ಮೊಟ್ಟೆಗಳೆಲ್ಲವನ್ನೂ ಕೊಲ್ಲುವ ಈ ಕೃತ್ಯವನ್ನು ಕೊಳ್ಳುವವನು ಒಲ್ಲೆನೆಂದರೆ ಮಾಡುವವನು ತಾನಾಗಿ ನಿಲ್ಲಿಸುವನು.

ಮೂರನೆಯದು, ಆಫ್ರಿಕದ ಕ್ಯಾಟ್‌ಫಿಶ್. ಇದರ ಸಾಕಣೆಯನ್ನು 2000ದಲ್ಲಿ ಭಾರತ ಸರ್ಕಾರವು ನಿಷೇಧಿಸಿತು. ಹೊಟ್ಟೆಬಾಕನಾದ ಈ ಮೀನು ಹೊಂಡದಿಂದ ತಪ್ಪಿಸಿಕೊಂಡು ಕೆರೆ ಹೊಳೆಗಳನ್ನು ಸೇರಿದರೆ ನಾಡಮೀನುಗಳಿಗೆ ಉಳಿಗಾಲವಿಲ್ಲ.

ನಾಲ್ಕನೆಯದು, ಕಾವೇರಿಯ ಬಿಳಿಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಮತ್ತೆಲ್ಲಿಯೂ ಇದು ಇಲ್ಲ. 1946ರಲ್ಲಿ ಕಬಿನಿ ನದಿಯಲ್ಲಿ ವ್ಯಾನ್ ಇಂಗೆನ್ ಅವರ ಗಾಳಕ್ಕೆ 120 ಪೌಂಡು ತೂಕದ ಮೀನು ಸಿಕ್ಕಿದ್ದು ಪ್ರಸಿದ್ಧ ದಾಖಲೆ. ಅಂಥ ಮೀನಿನ ಕುಲವನ್ನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಇದು ಗಾಳಕ್ಕೆ ಸಿಕ್ಕಿದರೆ ನೀರಿನಿಂದ ಮೇಲಕ್ಕೆತ್ತದೆ ಕೊಕ್ಕೆ ಬಿಡಿಸಿ ಬಿಡುವುದೇ ಧರ್ಮ.

ಬಿಡುವುದರಿಂದಲೂ ಲಾಭವುಂಟೆಂಬುದಕ್ಕೆ ಶೃಂಗೇರಿಯೇ ಸಾಕ್ಷಿ. ಅಲ್ಲಿ ಮಠದ ಬಳಿಯ ತುಂಗೆಯಲ್ಲಿ ಯಾರೂ ಮೀನು ಹಿಡಿಯರು. ಯಾತ್ರಿಕರು ಪುರಿ ಎರಚಿದೊಡನೆ ದೊಡ್ಡ ದೊಡ್ಡ ಮೀನುಗಳು ಸೋಪಾನದ ಬಳಿಗೇ ಬರುವುವು. ಭಕ್ತಿಯಿಂದ ಹುಟ್ಟಿದ ಈ ನಿರಾಕರಣೆಯು ನದಿಯ ಬೀಜವನ್ನು ಕಾದಿದೆ.

ಮುಖಂಡರು ಮಾಡತಕ್ಕದ್ದು

1. ಕೆರೆಯ ಮೀನನ್ನು ಗುತ್ತಿಗೆಗೆ ಕೊಡುವಾಗ ಮರಿಗಳನ್ನು ಹಿಡಿಯುವ ಸಣ್ಣ ಕಣ್ಣಿನ ಬಲೆ, ವಿಷ, ಸಿಡಿಮದ್ದುಗಳು ಕೂಡವೆಂದು ಕರಾರಿನಲ್ಲಿ ಬರೆಯಿಸುವುದು.

2. ಮಳೆಗಾಲದಲ್ಲಿ ಮರಿಗಳ ಕಾವಲಿರುವ ಕೊರವವನ್ನು ಹಿಡಿಯದಂತೆ ಊರಿನ ಹುಡುಗರಿಗೆ ತಿಳಿಹೇಳುವುದು.

3. ಬೇಸಗೆಯಲ್ಲಿ ತೂಬಿನ ಬಳಿಯ ಮಡುವನ್ನು ಪೂರ್ತಿಯಾಗಿ ಬತ್ತಿಸದೆ, ಮುಂದಿನ ವರ್ಷದ ಬೀಜಕ್ಕಾಗಿ ಸ್ವಲ್ಪ ನೀರನ್ನು ಉಳಿಸುವುದು.

4. ಬಿತ್ತನೆಗೆ ನಂಬಿಕೆಯ ಮರಿಗಳನ್ನೇ ತರುವುದು. ಗೆಂಡೆ ಜಾತಿಯ ಮೀನುಗಳಿಗೆ ಚುಚ್ಚುಮದ್ದಿನಿಂದ ಮರಿಮಾಡಿಸುವ ವಿಧಾನವು 1957ರಲ್ಲಿ ಹೀರಾಲಾಲ್ ಚೌಧುರಿಯವರಿಂದ ಸಿದ್ಧಿಸಿದ ಮೇಲೆ, ಹೊಳೆಯಿಂದ ಯಾವುದೋ ಮಿಶ್ರ ಮರಿಗಳನ್ನು ತಂದು ಸುರಿಯುವ ಅಗತ್ಯವು ತಪ್ಪಿದೆ.

5. ಚರಂಡಿಯ ನೀರು ಕೆರೆಗೆ ಬೀಳದಂತೆ ತಡೆಯುವುದು. ಇದೊಂದನ್ನು ಮಾಡದಿದ್ದರೆ ಮಿಕ್ಕ ನಾಲ್ಕೂ ನಿಷ್ಫಲ.

ಯಾವ ಮೀನು ರುಚಿ, ಯಾವುದು ಅರುಚಿ ಎಂಬುದನ್ನು ನಾಲಿಗೆ ಹೇಳುವುದಕ್ಕೆ ಮುಂಚೆ ಕೆರೆಯ ನೀರು ಹೇಳಿರುತ್ತದೆ. ನೀರನ್ನು ಶುದ್ಧವಾಗಿಟ್ಟುಕೊಂಡ ಊರಿನಲ್ಲಿ ಏರಿಯ ಮೇಲೆ ಎಸೆಯತಕ್ಕ ಮೀನು ತಾನಾಗಿ ಕಡಮೆಯಾಗುವುದು. ಬುಟ್ಟಿಯಲ್ಲಿ ಮನೆಗೆ ಹೋಗುವುದು ಹೆಚ್ಚುವುದು.