ಐವತ್ತು ಕುಳಿಗಳ ಹಲಗೆ

ತಂದೆತಾಯಂದಿರೇ, ನನ್ನ ಮಾತು ಯಾವಾಗ ಮುಗಿಯುತ್ತದೋ ಎಂದು ಮಳಿಗೆಗಳಲ್ಲಿ ಕಾಯುತ್ತಿರುವ ಇಂದಿನ ವ್ಯಾಪಾರಿಗಳೇ,

ಒಳಗೆ ಬರುವಾಗ ಹೂಬತ್ತಿಯ ಮಳಿಗೆಯ ಮುಂದೆ ನಿಂತುಬಿಟ್ಟೆ. ಒಬ್ಬಳು ದುಡ್ಡು ತೆಗೆದುಕೊಂಡು ಚಿಲ್ಲರೆ ಕೊಡುತ್ತಿದ್ದಳು. ಒಬ್ಬ ಅರಳೆ ಹೊಸೆಯುತ್ತಿದ್ದ. ಇನ್ನೊಬ್ಬನಿಗೆ ಎಣಿಕೆ ಬಾರದು. ಅವನ ಮುಂದೆ ಐವತ್ತು ಕುಳಿಗಳ ಹಲಗೆ. ಕುಳಿಗೊಂದು ಬತ್ತಿ, ಹಲಗೆ ತುಂಬಿದರೆ ಪೊಟ್ಟಣಕ್ಕೆ ಸರಿಯಾಯಿತು. ಗಾಲಿಕುರ್ಚಿಯಲ್ಲಿದ್ದವಳ ಕೈಯನ್ನು ಟೀಚರು ಹಿಡಿದರೆ ಅವಳು ಅಂಗೈಯಿಂದ ಚೀಟಿ ಒತ್ತುತ್ತಾಳೆ, ಅದು ಅಂಟುತ್ತದೆ. ಆ ಹಲಗೆ ಯೋಚಿಸಿ ಮಾಡಿದವರಿಗೆ ಹಾರ ಹಾಕಬೇಕಿತ್ತು. ನೀವು ನನಗೆ ಹಾಕಿದಿರಿ.

ಯಾರ ಅಂಗವೈಕಲ್ಯ ಸರ್ಟಿಫಿಕೇಟಿನಲ್ಲಿ ಏನಿದೆಯೆಂದು ನಾನು ಕೇಳಲಿಲ್ಲ. ಬೌದ್ಧಿಕ ಅಂಗವೈಕಲ್ಯಕ್ಕೆ ಅಲ್ಪ, ಮಧ್ಯಮ, ತೀವ್ರ, ಅತಿತೀವ್ರ ಎಂದು ನಾಲ್ಕು ಮಟ್ಟ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಅವಕ್ಕೆ 50, 75, 90, 100 ಪರ್ಸೆಂಟ್. ಬುದ್ಧಿ ಅಳೆಯುವುದು ನಮ್ಮಲ್ಲಿ ಹೊಸದಲ್ಲ. ವಿ.ವಿ. ಕಾಮತರು 1930ರ ದಶಕದಲ್ಲೇ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಆದರೆ ಐಕ್ಯೂ ಒಂದನ್ನೇ ನೆಚ್ಚುವ ಕಾಲ ಹೋಯಿತು. ಉಣ್ಣುವುದು, ಉಡುವುದು, ದುಡ್ಡು, ಗೆಳೆತನ ಇವನ್ನು ನೋಡಿ ಮಟ್ಟ ಹೇಳಿ ಎಂದಿತು ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಡಿಎಸ್‌ಎಂ-5. ಅದಕ್ಕೂ ಮೊದಲೇ, 1992ರಲ್ಲಿ, ಅಮೆರಿಕದ ಬೌದ್ಧಿಕ ಅಂಗವೈಕಲ್ಯ ತಜ್ಞರ ಸಂಘ ಎಷ್ಟು ನೆರವು ಬೇಕೆಂಬುದನ್ನೇ ಅಳೆಯಲು ಹೇಳಿತ್ತು: ಆಗಾಗ, ಕೆಲಕಾಲ, ದಿನನಿತ್ಯ, ಸದಾಕಾಲ. ನನಗೆ ಇದೇ ಸರಿ ಕಾಣುತ್ತದೆ. ಆ ಹುಡುಗನಿಗೆ ಹಲಗೆ ಕೊಡದೆ ಪರ್ಸೆಂಟ್ ಹೇಳಿದರೆ ಅದು ಅರ್ಧ ಲೆಕ್ಕ.

ಇನ್ನೊಂದು ತೊಡಕಿದೆ. ಸರ್ಟಿಫಿಕೇಟಿನ ಪರ್ಸೆಂಟ್ ಕೂತಲ್ಲೇ ಕೂತಿರುತ್ತದೆ, ಬೇಕಾದ ನೆರವು ಮಾತ್ರ ವಯಸ್ಸಿನ ಜೊತೆ ಬದಲಾಗುತ್ತದೆ. ಅಲ್ಪ ಮಟ್ಟದ ಮಗು ಎರಡನೇ ಮೂರನೇ ತರಗತಿಯವರೆಗೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಹದಿಹರೆಯದಲ್ಲಿ ಕಷ್ಟವೇ ಬೇರೆ: ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸುವುದು, ಗಡ್ಡ ಮಾಡಿಕೊಳ್ಳುವುದು, ಯಾರು ಎಲ್ಲಿ ಮುಟ್ಟಬಾರದು ಎಂಬುದು. ಪ್ರತಿಯೊಂದನ್ನೂ ಚಿಕ್ಕ ಚಿಕ್ಕ ಹೆಜ್ಜೆಯಾಗಿ ಒಡೆದು, ನೂರು ಸಲ ಮಾಡಿಸಿ ಕಲಿಸಬೇಕು. ಇಪ್ಪತ್ತೆರಡರ ಮಗನನ್ನು ‘ಪುಟ್ಟ’ ಎಂದು ಕರೆದು ತುತ್ತಿಡುವ ಅಮ್ಮಂದಿರನ್ನು ನಾನು ಟೀಚರಾಗಿದ್ದಾಗ ಗದರಿದ್ದೇನೆ. ಗದರಬಾರದಿತ್ತು. ಅವನು ತಾನೇ ಕಲಸಿ ತಿನ್ನುವುದಕ್ಕೆ ಯಾವ ಹೆಜ್ಜೆ ಮೊದಲೆಂದು ಅವರಿಗೆ ಯಾರೂ ತೋರಿಸಿರಲಿಲ್ಲ, ನಾನೂ ತೋರಿಸಿರಲಿಲ್ಲ.

ಹದಿನೆಂಟು ತುಂಬಿದ ಮೇಲೆ ಹೆತ್ತವರಾದ ಮಾತ್ರಕ್ಕೆ ನೀವು ಕಾನೂನಿನ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕತ್ವಕ್ಕಾಗಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಅದೇ ಟ್ರಸ್ಟಿನ ‘ನಿರಾಮಯ’ದಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಆದರೆ ಯಾವ ತೀರ್ಮಾನವನ್ನು ಮಗ ಅಥವಾ ಮಗಳು ತಾವೇ ಮಾಡಬಲ್ಲರು ಎಂದು ಮೊದಲು ನೋಡಿ, ಅರ್ಜಿ ಆಮೇಲೆ.

ಮುಪ್ಪಿನ ಬಗ್ಗೆ ನಾವು ಮಾತೇ ಆಡುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ಮುಪ್ಪು ಬೇಗ ಬರುತ್ತದೆ. ಹಲವರಲ್ಲಿ ನಲವತ್ತು ಐವತ್ತರಲ್ಲೇ ಆಲ್‌ಝೈಮರ್ ಕಾಣಿಸಿಕೊಳ್ಳುತ್ತದೆ. ತಾನೇ ಸ್ನಾನ ಮಾಡುತ್ತಿದ್ದವನು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟರೆ ‘ಹಟ ಮಾಡ್ತಾನೆ’ ಅನ್ನಬೇಡಿ, ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಕಿವಿ, ಕಣ್ಣು ನೋಡಿಸಿ. ಆ ಹೊತ್ತಿಗೆ ಅಮ್ಮನಿಗೆ ಎಪ್ಪತ್ತೈದು. ‘ನಮ್ಮ ನಂತರ ಯಾರು?’ ಎಂಬ ಪ್ರಶ್ನೆಗೆ ನನ್ನ ಬಳಿ ಭಾಷಣವಿಲ್ಲ. ಮಳಿಗೆಗಳ ಕೊನೆಯಲ್ಲಿ ಒಂದು ಮೇಜಿದೆ, ಅಲ್ಲಿ ಹೆತ್ತವರೇ ಕೂತಿದ್ದಾರೆ. ಅಣ್ಣತಮ್ಮ, ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗಿ ಮಾತಾಡಿ.

ಕೊಳ್ಳುವವರಿಗೆ ಒಂದೇ ವಿನಂತಿ: ಬೆಲೆಯನ್ನು ಪಕ್ಕದ ಟೀಚರನ್ನು ಕೇಳಬೇಡಿ, ಮಳಿಗೆಯವರನ್ನೇ ಕೇಳಿ. ಚಿಲ್ಲರೆ ಬರುವುದು ತಡವಾದರೆ ಕಾಯಿರಿ.

ದೀಪ ಹಚ್ಚಲು ನನ್ನನ್ನು ಕರೆದಿದ್ದೀರಿ. ಬತ್ತಿ ಆ ಹಲಗೆಯಿಂದಲೇ ಬಂದದ್ದು. ಅದನ್ನು ಜೋಡಿಸಿದವನನ್ನೂ ವೇದಿಕೆಗೆ ಕರೆಯಿರಿ, ಎಣ್ಣೆ ಅವನು ಹಾಕಲಿ.